ಕರಿ ಕೋಟಿನ ಮೇಲಿನ ಎಳೆ

ಬೈಲಹೊಂಗಲದ ಹತ್ತಿ ಪೇಟೆಯಲ್ಲಿ ಯಾಕೂಬಸಾಬನ ಕರಿ ಕೋಟು ಗೊತ್ತಿಲ್ಲದವರು ಇರಲಿಲ್ಲ. ಮಾರ್ಚಿನ ಬಿಸಿಲಿನಲ್ಲೂ ಅದು ಅವನ ಮೈಮೇಲೆ ಇದ್ದೇ ಇರುತ್ತಿತ್ತು. ಹೊಸದಾಗಿ ಪೇಟೆಗೆ ಬಂದ ಒಬ್ಬಿಬ್ಬರು ಅವನನ್ನು ವಕೀಲನೆಂದು ತಿಳಿದು ತಮ್ಮ ಹೊಲದ ಬದುವಿನ ತಕರಾರು ಹೇಳಿಕೊಂಡದ್ದೂ ಉಂಟು. ಅವನು ವಕೀಲನಲ್ಲ, ಪಾರಖಿ. ಹತ್ತಿ ನೋಡಿ ಅದು ಒಂದನೇ ದರ್ಜೆಯದೋ, ಎರಡನೆಯದೋ, ಮೂರನೆಯದೋ ಎಂದು ಹೇಳುವುದು ಅವನ ಕೆಲಸ. ರೈತರು ಚಕ್ಕಡಿಯಿಂದ ಇಳಿಸಿದ ಆಳೆತ್ತರದ ಚೀಲಕ್ಕೆ ಅಂಡಗಿ ಎನ್ನುತ್ತಾರೆ. ಆ ಅಂಡಗಿಯೊಳಗೆ ಮೊಳಕೈ ತನಕ ಕೈ ತೂರಿಸಿ, ನಡುವಿನಿಂದ ಒಂದು ಹಿಡಿ ಹತ್ತಿ ಹಿರಿದು, ಕಾಳಿನಿಂದ ನಾಲ್ಕು ಎಳೆ ಬಿಡಿಸಿ, ಎರಡು ಹೆಬ್ಬೆರಳುಗಳ ನಡುವೆ ಜಗ್ಗಿ ನೀಟಾಗಿಸಿ, ಕೋಟಿನ ಎಡತೋಳಿನ ಮೇಲೆ ಇಡುತ್ತಿದ್ದ. ಕರಿ ಬಟ್ಟೆಯ ಮೇಲೆ ಬಿಳಿ ಎಳೆ ತನ್ನ ಉದ್ದ, ತನ್ನ ಬಣ್ಣ, ತನ್ನ ಕಲೆ ಎಲ್ಲವನ್ನೂ ಒಪ್ಪಿಸಿಬಿಡುತ್ತಿತ್ತು. ಕೋಟು ಇದ್ದದ್ದು ಅದಕ್ಕೆ.

ಅವನು ಒಂದು ಸಲ ಹೇಳಿದನೆಂದರೆ ಮುಗಿಯಿತು. ರಾಮದುರ್ಗದಿಂದ ಬಂದ ಖರೀದಿದಾರನಾಗಲಿ, ಯರಗಟ್ಟಿಯ ಜಿನ್ನಿಂಗ್ ಗಿರಣಿಯವನಾಗಲಿ, ಎರಡನೇ ಸಲ ಚೀಲಕ್ಕೆ ಕೈ ಹಾಕುತ್ತಿರಲಿಲ್ಲ. ದರ್ಜೆ ಹೇಳಿದ ಮೇಲೆ ದರದ ಮಾತು. ಅದಕ್ಕೆ ಬಾಯಿ ಬೇಡ. ಎರಡು ಕೈ ಕೂಡಿಸಿ ಮೇಲೊಂದು ಟವೆಲ್ ಹೊದಿಸಿ, ಒಳಗೊಳಗೇ ಬೆರಳು ಒತ್ತಿ ದರ ಹೇಳುವುದು ಅಲ್ಲಿಯ ಪದ್ಧತಿ. ಹೀಗೆ ಯಾಕೂಬಸಾಬನ ಬದುಕು ಎರಡು ಕಣ್ಣು ಮತ್ತು ಹತ್ತು ಬೆರಳುಗಳ ಮೇಲೆ ನಿಂತಿತ್ತು. ಅದರ ಜಂಬವೂ ಅವನಿಗೆ ಬೇಕಾದಷ್ಟಿತ್ತು. ತೂಕ ಬರಲೆಂದು ಹತ್ತಿಗೆ ನೀರು ಸಿಂಪಡಿಸಿ ತಂದವನನ್ನು ಅವನು ಸುಮ್ಮನೆ ಬಿಡುತ್ತಿರಲಿಲ್ಲ. ನಾಲ್ಕು ಮಂದಿ ನಡುವೆ ನಿಲ್ಲಿಸಿ, "ಬರೇ ನೀರ ಕುಡಿಸಿ ತಂದೀರಲ್ಲೋ ಮಾರಾಯ್ರ, ಇಷ್ಟ ದೂರ ಬಂದೈತಿ, ಒಂದ ತಂಬಿಗಿ ಮಜ್ಜಿಗಿನೂ ಕುಡಸಬೇಕಿತ್ತು" ಎನ್ನುತ್ತಿದ್ದ. ಜನ ಬಿದ್ದು ಬಿದ್ದು ನಗುತ್ತಿದ್ದರು. ನಗಿಸಿಕೊಂಡವನು ಮುಂದಿನ ಸುಗ್ಗಿಗೆ ಒಣ ಹತ್ತಿಯನ್ನೇ ತರುತ್ತಿದ್ದ, ಮತ್ತೆ ಇವನ ಹತ್ತಿರವೇ ತರುತ್ತಿದ್ದ. ಯಾಕೆಂದರೆ ಇಪ್ಪತ್ತು ವರ್ಷದಲ್ಲಿ ಯಾಕೂಬಸಾಬ ಒಳ್ಳೆಯದನ್ನು ಕೆಟ್ಟದ್ದು ಎಂದಿರಲಿಲ್ಲ, ಕೆಟ್ಟದ್ದನ್ನು ಒಳ್ಳೆಯದು ಎಂದಿರಲಿಲ್ಲ. ಅವನು ಸಂಬಳಕ್ಕಿದ್ದದ್ದು ದಲಾಲಿ ಬಸವಣ್ಣೆಪ್ಪನ ಅಡತ ಅಂಗಡಿಯಲ್ಲಿ. ರೈತರು ಬರುತ್ತಿದ್ದದ್ದು ಬಸವಣ್ಣೆಪ್ಪನ ಮುಖ ನೋಡಿ ಅಲ್ಲ, ಆ ಕರಿ ಕೋಟು ನೋಡಿ. ಇದು ಬಸವಣ್ಣೆಪ್ಪನಿಗೂ ಚೆನ್ನಾಗಿ ಗೊತ್ತಿತ್ತು.

ತೊಂಬತ್ಮೂರರ ಚಳಿಗಾಲದಲ್ಲಿ ಬೆರಳುಗಳು ಕೈಕೊಟ್ಟವು. ಬೆಳಿಗ್ಗೆ ಎದ್ದರೆ ಗೆಣ್ಣುಗಳು ಬಾತು, ಮುಷ್ಟಿ ಬಿಚ್ಚಲು ಬಿಸಿಲು ಏರಬೇಕು. ಕೋಟಿನ ಗುಂಡಿ ಹಾಕುವ ಕೆಲಸ ಹೆಂಡತಿ ಖತಿಜಾಬಿಗೆ ಬಂತು. ಆಕೆ ಬಿಸಿನೀರಿನಲ್ಲಿ ಉಪ್ಪು ಹಾಕಿ ಕೈ ಇಡಿಸಿದಳು, ಔಡಲೆಣ್ಣೆ ತಿಕ್ಕಿದಳು, ಮುರಗೋಡದ ಕಡೆ ಯಾರೋ ಕೊಡುವ ಬೇರು ತರಿಸಿ ಕುಡಿಸಿದಳು. ಒಂದು ದಿನ ಟವೆಲ್ ಕೆಳಗೆ ಖರೀದಿದಾರನೊಬ್ಬ ಬೆರಳು ಒತ್ತಿದಾಗ ಯಾಕೂಬಸಾಬ ನೋವು ತಡೆಯಲಾರದೆ ಕೂಗಿಬಿಟ್ಟ. ಸುತ್ತಲಿದ್ದವರು, ಇದೆಂಥ ದರ ಹೇಳಿದೆಯೋ ಮಾರಾಯ, ಸಾಬರು ಚೀರಿಕೊಂಡರು ಎಂದು ನಕ್ಕರು. ಅವನೂ ಹಲ್ಲು ಕಿಸಿದ. ಮರುದಿನ ಬೆಳಗಿನ ಬಸ್ಸಿಗೆ ಬೆಳಗಾವಿಗೆ ಹೋದ.

ಅಲ್ಲಿಯ ಡಾಕ್ಟರು ಕೈ ಹಿಡಿದು ನೋಡಿ, ರಕ್ತ ತಪಾಸಿಸಿ, ಇದು ಸಂಧಿವಾತ ಎಂದರು. ಚೀಟಿ ಬರೆದು ಹೇಳಿದರು: "ದಿನಕ್ಕ ಒಂದ ಗುಳಿಗಿ. ಮಲೇರಿಯಾಕ್ಕ ಕೊಡೂದ ಇದು, ಕೀಲಿಗೂ ನಡೀತೈತಿ. ಗುಣಾ ಕಾಣಾಕ ಎರಡ-ಮೂರ ತಿಂಗಳ ಬೇಕು. ಮತ್ತ ಆರ ತಿಂಗಳಿಗೊಮ್ಮೆ ಕಣ್ಣ ತೋರಸಬೇಕು. ಮರೀಬ್ಯಾಡ್ರಿ, ಇದರಾಗ ಬರದೇನಿ."

ಯಾಕೂಬಸಾಬ ಮೊದಲರ್ಧ ಕೇಳಿಸಿಕೊಂಡ. ಗುಳಿಗೆ ಬೇವಿಗಿಂತ ಕಹಿ. ನುಂಗಿದ ಮೇಲೆ ಬೆಲ್ಲ ಕಚ್ಚಿದರೂ ಬಾಯಿ ತಿಳಿಯಾಗುತ್ತಿರಲಿಲ್ಲ. ಆದರೆ ಮೂರು ತಿಂಗಳಿಗೆ ಬೆರಳು ಬಿಚ್ಚಿದವು. ಬೆಳಿಗ್ಗೆ ತಾನೇ ಕೋಟಿನ ಗುಂಡಿ ಹಾಕಿಕೊಂಡ ದಿನ ಅವನು ಪೇಟೆಗೆ ಹೋಗಿ ಎಲ್ಲರಿಗೂ ಪೇಢೆ ಹಂಚಿದ, ಯಾತಕ್ಕೆ ಎಂದು ಮಾತ್ರ ಹೇಳಲಿಲ್ಲ. ಡಾಕ್ಟರರ ಚೀಟಿಯನ್ನು ಬಸ್ ಸ್ಟ್ಯಾಂಡ್ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಪ್ಲಾಸ್ಟಿಕ್ ಹಾಕಿಸಿ ಲ್ಯಾಮಿನೇಷನ್ ಮಾಡಿಸಿದ. ಅದನ್ನು ಕೋಟಿನ ಒಳಜೇಬಿನಲ್ಲಿ ಇಟ್ಟುಕೊಂಡು ತಿಂಗಳಿಗೊಮ್ಮೆ ನೀಲಪ್ಪನ ಔಷಧ ಅಂಗಡಿಯ ಮುಂದೆ ಹಿಡಿಯುತ್ತಿದ್ದ. ನೀಲಪ್ಪ ಅದರ ಮೇಲಿನ ಸಾಲು ನೋಡಿ ಗುಳಿಗೆ ಕೊಡುತ್ತಿದ್ದ. ಕೆಳಗಿನ ಸಾಲಿನಲ್ಲಿ ಕಣ್ಣಿನ ಮಾತಿತ್ತು. ಅದನ್ನು ಏಳು ವರ್ಷ ಇಬ್ಬರೂ ಓದಲಿಲ್ಲ. ನೀರು ಬಿದ್ದರೂ ಅಳಿಯದ ಹಾಗೆ ಭದ್ರವಾಗಿ ಅದು ಪ್ಲಾಸ್ಟಿಕ್ಕಿನೊಳಗೆ ಇತ್ತು.

ಮರೆತಿದ್ದ ಎಂದರೆ ಸುಳ್ಳಾಗುತ್ತದೆ. ಒಂದು ವರ್ಷ ಸಾಲೆಯಲ್ಲಿ ಕಣ್ಣಿನ ತಪಾಸಣೆ ಶಿಬಿರ ನಡೆದಾಗ ಗೇಟಿನ ತನಕ ಹೋಗಿದ್ದ. ಒಳಗೆ ಸರದಿಯಲ್ಲಿ ಅರ್ಧ ಪೇಟೆಯೇ ನಿಂತಿತ್ತು. ಹಾಗೇ ಹೊರಳಿ ಬಂದ. ಖತಿಜಾಬಿ ಯಾಕೆ ಎಂದು ಕೇಳಿದಳು.

"ಪಾರಖಿ ಹೋಗಿ ಕಣ್ಣಿನ ಪಾಳೇದಾಗ ನಿಂತಾ ಅಂದ್ರ, ನಾಳಿಂದ ಅವನ ಮಾತ ಯಾರ ಕೇಳ್ತಾರ?" ಎಂದ ಯಾಕೂಬಸಾಬ. "ನನ್ನ ಕಣ್ಣಿಗೆ ಏನಾಗೇತಿ? ಹದ್ದಿನ ಕಣ್ಣ ಅದಾವ."

ಆಗ ಹದ್ದಿನ ಕಣ್ಣೇ ಇದ್ದವು. ತೋರಿಸಿದ್ದರೆ ಅಲ್ಲಿಗೆ ಹಿಡಿದು ನಿಲ್ಲಿಸುತ್ತಿದ್ದರೋ ಏನೋ. ಇಷ್ಟು ಸಾಲದೆಂದು ಅವನು ಇನ್ನೊಂದು ಜಾಣತನ ಮಾಡಿದ. ಹತ್ತಿ ಸುಗ್ಗಿ ನವೆಂಬರಿನಿಂದ ಮಾರ್ಚ್ ತನಕ. ದಿನಕ್ಕೆ ನೂರು ನೂರೈವತ್ತು ಅಂಡಗಿ ನೋಡಬೇಕು. ಬೆರಳಿಗೆ ದಣಿವು ಹೆಚ್ಚು. ಆ ಐದು ತಿಂಗಳು ಒಂದರ ಬದಲು ಎರಡು ಗುಳಿಗೆ ನುಂಗತೊಡಗಿದ. ಡಾಕ್ಟರ್ ಹೇಳಿದರೇ ಎಂದು ಖತಿಜಾಬಿ ಕೇಳಿದಳು. "ಸುಗ್ಗಿಯಾಗ ಎತ್ತಿಗೆ ಹಿಂಡಿ ಹೆಚ್ಚಿಗಿ ಹಾಕೂದಿಲ್ಲೇನ? ಇದಕ್ಕೂ ಡಾಕ್ಟರ ಬೇಕೇನ?" ಎಂದು ಬಾಯಿ ಮುಚ್ಚಿಸಿದ. ಏಳು ಸುಗ್ಗಿ ಹೀಗೇ ನಡೆಯಿತು.

ಎರಡು ಸಾವಿರದ ಇಸವಿಯ ಡಿಸೆಂಬರಿನಲ್ಲಿ ಒಂದು ಮುಂಜಾನೆ ಕಿತ್ತೂರು ಕಡೆಯ ರೈತನೊಬ್ಬ ಉದ್ದೆಳೆಯ ಹತ್ತಿ ತಂದಿದ್ದ. ಯಾಕೂಬಸಾಬ ನಾಲ್ಕು ಎಳೆ ಬಿಡಿಸಿ ತೋಳಿನ ಮೇಲೆ ಇಟ್ಟು ನೋಡಿದ. ಎಳೆ ನಡುವೆ ತುಂಡಾಗಿತ್ತು. ಈ ತುದಿ ಕಾಣುತ್ತಿದೆ, ಆ ತುದಿ ಕಾಣುತ್ತಿದೆ, ನಡುವೆ ಬರಿಯ ಕರಿ ಬಟ್ಟೆ. ಜಗ್ಗುವಾಗ ಹರಿದಿರಬೇಕು ಎಂದು ಬೇರೆ ಎಳೆ ತೆಗೆದ. ಅದೂ ತುಂಡು. ಮೂರನೆಯದೂ ಹಾಗೇ. "ಎಳಿಗೆ ಜೀವ ಇಲ್ಲಪಾ, ಹರೀತೈತಿ" ಎಂದು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಅಭ್ಯಾಸಬಲದಿಂದ ಹೆಬ್ಬೆರಳು ಎಳೆಯ ಗುಂಟ ಓಡಿತು. ಎಳೆ ಇಡಿಯಾಗಿತ್ತು. ತುಂಡಾದದ್ದು ಎಳೆ ಅಲ್ಲ. "ಒಂದನೇದು" ಎಂದು ಹೇಳಿದ. ಅವತ್ತು ಅವನು ಜೀವಮಾನದಲ್ಲೇ ಮೊದಲ ಬಾರಿ ನಿಜವಾಗಿ ಹೆದರಿದ್ದ.

ಸುಗ್ಗಿ ಮುಗಿಯುವ ತನಕ ಬಾಯಿಬಿಡಲಿಲ್ಲ. ಏಪ್ರಿಲ್ ತಿಂಗಳಲ್ಲಿ ಖತಿಜಾಬಿಯನ್ನು ಕರೆದುಕೊಂಡು, ನೆಂಟರ ಮನೆಗೆ ಎಂದು ಎಲ್ಲರಿಗೂ ಹೇಳಿ, ಹುಬ್ಬಳ್ಳಿಗೆ ಹೋದ. ಕಣ್ಣಿನ ಆಸ್ಪತ್ರೆಯಲ್ಲಿ ಒಬ್ಬ ಹೆಣ್ಣು ಡಾಕ್ಟರು ಕಣ್ಣಿಗೆ ಹನಿ ಹಾಕಿ, ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ, ಯಾವುದಾದರೂ ಗುಳಿಗೆ ನುಂಗುತ್ತೀರೇನು ಎಂದು ಕೇಳಿದರು. ಯಾಕೂಬಸಾಬ ಒಳಜೇಬಿನಿಂದ ಪ್ಲಾಸ್ಟಿಕ್ ಚೀಟಿ ತೆಗೆದುಕೊಟ್ಟ. ಡಾಕ್ಟರು ಎರಡೂ ಸಾಲು ಓದಿದರು.

"ಕೆಳಗ ಬರದದ್ದ ನೋಡೀರಿಲ್ಲೋ?"

ಖತಿಜಾಬಿಗೆ ಓದಲು ಬರುತ್ತಿರಲಿಲ್ಲ. ಏನು ಬರೆದಿದೆ ಎಂದು ಆಕೆ ಕೇಳಿದಳು, ಡಾಕ್ಟರು ಓದಿ ಹೇಳಿದರು. ಆಕೆ ಗಂಡನ ಕಡೆ ತಿರುಗಿ ನೋಡಿದಳು.

ಡಾಕ್ಟರು ಸಿಟ್ಟಿನವರಲ್ಲ, ಕುಳಿತು ತಿಳಿಸಿ ಹೇಳಿದರು. "ನಮ್ಮ ಮೈ ಅಂದ್ರ ಕಣ್ಣಿಗೆ ಕಾಣದಷ್ಟ ಸಣ್ಣ ಸಣ್ಣ ಕೋಣಿ ಕೂಡಿ ಆದದ್ದು ಅಂತ ತಿಳ್ಕೊರ್ರಿ. ಒಂದೊಂದ ಕೋಣ್ಯಾಗೂ ಕಸಾ ಕರಗಸೂ ಚೀಲ ಇರ್ತಾವ, ಅದರೊಳಗ ಹುಳಿ. ಹಳೇ ಕೊಬ್ಬು, ಹಳೇ ಕಸಾ ಎಲ್ಲಾ ಅದರಾಗ ಕರಗಿ ಹೋಗಬೇಕು. ಈ ಗುಳಿಗಿ ಆ ಚೀಲದಾಗ ಸರಳ ಹೊಕ್ಕತೈತಿ. ಒಳಗಿನ ಹುಳಿ ತಾಗಿದ ಕೂಡಲೆ ಅದರ ಗುಣಾ ಬದಲಾಗತೈತಿ, ಆಮ್ಯಾಲ ಹೊರಗ ಬರಾಕ ಆಗೂದಿಲ್ಲ. ಅಲ್ಲೇ ಕೂಡತೈತಿ. ಹುಳೀನ ಸಪ್ಪಗ ಮಾಡತೈತಿ. ಕೊಬ್ಬು ಕರಗೂದ ನಿಲ್ಲತೈತಿ. ಉಳ್ಳಾಗಡ್ಡಿ ಸಿಪ್ಪಿ ಹಂಗ ಪದರಿನ ಮ್ಯಾಲ ಪದರ ಕೂಡಕೋತ ಹೋಗತೈತಿ."

"ಅಂಡಗಿ ತುಂಬಿದಂಗ," ಎಂದ ಯಾಕೂಬಸಾಬ. ಅಂಡಗಿ ತುಂಬುವಾಗ ಒಬ್ಬ ಆಳು ಚೀಲದೊಳಗೆ ಇಳಿದು ತುಳಿಯುತ್ತಾನೆ. ತುಳಿದಷ್ಟೂ ಹತ್ತಿ ಹಿಡಿಯುತ್ತದೆ.

"ಹೌದ್ರಿ, ಹಂಗ. ಕಣ್ಣಿನ ಹಿಂದಿನ ಪರದ್ಯಾಗ ಒಂದ ಕರೇ ಬಣ್ಣ ಇರ್ತೈತಿ. ಈ ಗುಳಿಗಿ ಆ ಬಣ್ಣಕ್ಕ ಗಟ್ಟಿ ಹಿಡ್ಕೊಳ್ಳತೈತಿ. ಅಲ್ಲೆ ತುಂಬಿ ತುಂಬಿ ನಡುವಿನ ಜಾಗಾ ಸತ್ತೈತಿ. ನೀವ ಏನ್ ನೇರ ನೋಡ್ತೀರಿ ಅದು ಕಾಣೂದಿಲ್ಲ, ಸುತ್ತಲಿನದ್ದ ಕಾಣತೈತಿ. ಗುಳಿಗಿ ಇವತ್ತಿಗೆ ಬಿಡ್ರಿ."

"ಬಿಟ್ರ ಮೊದಲಿನಂಗ ಕಾಣತೈತೇನ್ರಿ?"

"ಇಲ್ಲ." ಡಾಕ್ಟರು ಹೇಳಿದರು, "ಒಳಗ ಕೂತದ್ದು ಲಗೂನ ಹೋಗೂದಿಲ್ರಿ, ವರ್ಷಾನುಗಟ್ಟಲೆ ಇರ್ತೈತಿ. ಬಿಟ್ಟ ಮ್ಯಾಲೂ ಕಣ್ಣ ಇನ್ನಷ್ಟ ಹೋಗಬಹುದು. ಆದ್ರ ಬಿಡದಿದ್ರ ಪೂರ್ತಿ ಹೋಗತಾವ."

ಹಿಂದಿರುಗುವ ಬಸ್ಸು ಧಾರವಾಡ ದಾಟಿತು. ಆಮೇಲೆ ಖತಿಜಾಬಿ, "ಏನ್ರಿ, ನನ್ನ ಮಾರಿ ಕಾಣತೈತೇನ್ರಿ?" ಎಂದಳು.

"ಕಾಣತೈತಿ."

"ಏನೇನ್ ಕಾಣತೈತಿ?"

ಅವನು ಆಕೆಯನ್ನು ನೇರವಾಗಿ ನೋಡಿದ. "ಸೆರಗ ಕಾಣತೈತಿ. ಕಿವ್ಯಾಗಿನ ಬುಗುಡಿ. ಕಿಟಕಿ."

"ಮಾರಿ?"

ಅವನು ಕಿಟಕಿಯ ಆಚೆ ತಿರುಗಿದ. ಆಕೆ ಅತ್ತಳು, ಅವನ ಸಲುವಾಗಿ ಅಷ್ಟೇ ಅಲ್ಲ. ಮೂವತ್ತು ವರ್ಷ ಬಾಳಿದ ಹೆಂಗಸಿನ ಮುಖ ಗಂಡನ ಪಾಲಿಗೆ ಅವತ್ತಿಗೆ ಮುಗಿದುಹೋಗಿತ್ತು, ಅದಕ್ಕೂ ಅತ್ತಳು.

ಗುಳಿಗೆ ಬಿಟ್ಟ. ಆದರೆ ಪೇಟೆ ಬಿಡಲಿಲ್ಲ. ಬಿಟ್ಟು ಏನು ಮಾಡಬೇಕು? ಕರಿ ಕೋಟು ಕಳಚಿದರೆ ಒಳಗೆ ಏನೂ ಇರಲಿಲ್ಲ. ಮುಂದಿನ ಸುಗ್ಗಿಗೆ ಅವನು ಕಣ್ಣಿಲ್ಲದೆ ಹತ್ತಿ ನೋಡುವುದನ್ನು ಕಲಿತ. ಎಳೆಯ ಉದ್ದ, ಬಿರುಸು, ಮೆದು, ಹಸಿ ಎಲ್ಲ ಬೆರಳಿಗೆ ತಿಳಿಯುತ್ತಿತ್ತು. ತೋಳಿನ ಮೇಲೆ ಇಟ್ಟು ನೋಡುವ ನಾಟಕ ಮಾತ್ರ ಬಿಡಲಿಲ್ಲ. ಮುಖ ಸ್ವಲ್ಪ ಓರೆ ಮಾಡಿದರೆ ಎಳೆ ಮಸುಕಾಗಿ ಕಾಣುತ್ತಿತ್ತು. ಓರೆಗಣ್ಣಿಂದ ನೋಡುವುದನ್ನು ಕಂಡು, ವಯಸ್ಸಾದಂತೆ ಸಾಬರು ಇನ್ನೂ ಪಕ್ಕಾ ಆಗುತ್ತಿದ್ದಾರೆ ಎಂದು ಜನ ಮಾತಾಡಿಕೊಂಡರು. ಬೆರಳಿಗೆ ತಿಳಿಯದ್ದು ಒಂದೇ, ಬಣ್ಣ. ಅಕಾಲ ಮಳೆಗೆ ತೋಯ್ದ ಹತ್ತಿ ಒಣಗಿದ ಮೇಲೆ ಹಳದಿ ಕಲೆ ಉಳಿಯುತ್ತದೆ. ಅದನ್ನು ಎಷ್ಟು ಮುಟ್ಟಿದರೂ ಗೊತ್ತಾಗುವುದಿಲ್ಲ. ಅದಕ್ಕೂ ಉಪಾಯ ಮಾಡಿದ. ಯಾವೂರ ಹತ್ತಿ ಎಂದು ಕೇಳುವುದು, ಆ ಊರಲ್ಲಿ ಯಾವಾಗ ಮಳೆಯಾಯಿತು ಎಂದು ಚಹಾದ ಅಂಗಡಿಯಲ್ಲಿ ಮೊದಲೇ ಕೇಳಿ ಇಟ್ಟುಕೊಂಡಿರುವುದು, ಅದರ ಮೇಲೆ ಹೇಳುವುದು. ಹತ್ತಕ್ಕೆ ಒಂಬತ್ತು ಸರಿಯಾಗುತ್ತಿತ್ತು.

ಹತ್ತನೆಯದು ಶಟ್ಟೆವ್ವನ ಪಾಲಿಗೆ ಬಂತು. ಮುರಗೋಡದ ಶಟ್ಟೆವ್ವ ಗಂಡ ತೀರಿದ ಮೇಲೆ ನಾಲ್ಕೆಕರೆ ಎರೆಹೊಲವನ್ನು ತಾನೇ ನಡೆಸುವ ಹೆಂಗಸು. ಹತ್ತು ವರ್ಷದಿಂದ ಯಾಕೂಬಸಾಬನ ಹತ್ತಿರವೇ ಹತ್ತಿ ತರುವವಳು. ಜನವರಿಯ ಮೊದಲ ವಾರ ಮೂರು ಅಂಡಗಿ ತಂದಳು. ಎಂಟು ದಿನದ ಹಿಂದೆ ಮುರಗೋಡದ ಸುತ್ತ ಮಳೆ ಬಿದ್ದದ್ದು ಯಾಕೂಬಸಾಬನಿಗೆ ಗೊತ್ತಿತ್ತು. ಶಟ್ಟೆವ್ವ ಮಳೆಯ ಹಿಂದಿನ ದಿನವೇ ಹತ್ತಿ ಬಿಡಿಸಿ ಮನೆಯೊಳಗೆ ಹಾಕಿದ್ದಳು, ಅದು ಗೊತ್ತಿರಲಿಲ್ಲ. ಅವನು ಎಳೆ ಜಗ್ಗಿ, ತೋಳಿನ ಮೇಲೆ ಇಟ್ಟು, ಮುಖ ಓರೆ ಮಾಡಿ ಹೇಳಿದ, "ಎಳಿ ಚಲೋ ಐತಿ. ಮಳಿಗೆ ಸಿಕ್ಕೈತಿ. ಕಲಿ ಬಿದ್ದಾವ. ಮೂರನೇದು."

"ಕಲಿ? ನನ್ನ ಹತ್ತ್ಯಾಗ?" ಶಟ್ಟೆವ್ವ ಒಂದು ಹಿಡಿ ಹತ್ತಿ ಹಿರಿದು ಅವನ ಮುಂದೆ ಹಿಡಿದಳು. "ಹನಿ ಬೀಳೂದಕ್ಕಿಂತ ಮೊದಲ ಬಿಡಿಸೇನ್ರಿ ಸಾಬ್ರ. ಎಲ್ಲೈತ್ರಿ ಕಲಿ, ಬೆರಳ ಇಟ್ಟ ತೋರಸ್ರಿ."

ಯಾಕೂಬಸಾಬ ಅವಳ ಕೈಯತ್ತ ನೋಡಿದ. ಸುತ್ತ ಬಳೆ ಕಂಡವು, ಸೀರೆಯ ಅಂಚು ಕಂಡಿತು, ನಡುವೆ ಇರಬೇಕಾದ ಹತ್ತಿ ಇರಲಿಲ್ಲ. ಆಗಲೂ ತಪ್ಪಾಯಿತು ಎನ್ನಬಹುದಿತ್ತು. ಇಪ್ಪತ್ತೆಂಟು ವರ್ಷದ ಮರ್ಯಾದೆ ಅಡ್ಡ ಬಂತು. ಬೆರಳು ಚಾಚಿ ಒಂದು ಕಡೆ ಇಟ್ಟ. "ಇಲ್ಲೈತಿ ನೋಡಬೇ."

ಅಲ್ಲಿ ಹಾಲಿನಂಥ ಹತ್ತಿ ಇತ್ತು. ಶಟ್ಟೆವ್ವ ಬಗ್ಗಿ ನೋಡಿದಳು, ಬಿಸಿಲಿಗೆ ಹಿಡಿದು ನೋಡಿದಳು. ಗದ್ದಿಗೆಯ ಮೇಲೆ ಕುಳಿತ ಬಸವಣ್ಣೆಪ್ಪನೂ ಕತ್ತು ಚಾಚಿ ನೋಡಿದ. ಆಮೇಲೆ ದೊಡ್ಡದಾಗಿ ನಕ್ಕು, "ಸಾಬ್ರ ಕಣ್ಣಿಗೆ ಕಂಡದ್ದು ನಿನ್ನ ಕಣ್ಣಿಗೆ ಕಾಣತೈತೇನಬೇ? ಇಪ್ಪತ್ತೆಂಟ ವರ್ಷದ ಕಣ್ಣದು" ಎಂದ. ಸುತ್ತಲಿದ್ದವರು ಹೌದೆಂದು ತಲೆಯಾಡಿಸಿದರು. ಶಟ್ಟೆವ್ವನ ವರ್ಷದ ಬೆಳೆ ಮೂರನೇ ದರ್ಜೆಗೆ ಹೋಯಿತು. ಆ ವರ್ಷ ಮನೆಗೆ ಹಂಚು ಹೊದಿಸಬೇಕೆಂದಿದ್ದಳು, ಅದು ಅಲ್ಲಿಗೆ ನಿಂತಿತು.

ಪೇಟೆ ಖಾಲಿಯಾದ ಮೇಲೆ ಬಸವಣ್ಣೆಪ್ಪ ಯಾಕೂಬಸಾಬನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದ. ಮೂಗಿನ ಮುಂದೆ ಏನನ್ನೋ ಹಿಡಿದು, "ಇದೇನ್ ಹೇಳ್ರಿ" ಎಂದ. ಯಾಕೂಬಸಾಬ ಮುಟ್ಟಿ ನೋಡಲು ಕೈ ಚಾಚಿದ, ಬಸವಣ್ಣೆಪ್ಪ ಅದನ್ನು ಹಿಂದೆ ಸರಿಸಿದ.

"ಎಷ್ಟ ದಿನಾ ಆತು?"

"ಒಂದ ವರ್ಷ. ಸಾಹುಕಾರ್ರ, ಆ ಶಟ್ಟೆವ್ವನ ಹತ್ತಿ ಒಂದನೇದು. ಈಗೂ ಕರಸ್ರಿ. ನಾ ತಪ್ಪಾತು ಅಂತೇನಿ. ನಾಳಿಂದ ಬರೂದಿಲ್ಲ."

"ಯಾಕ ಬರೂದಿಲ್ಲ?" ಬಸವಣ್ಣೆಪ್ಪ ಅವನ ಭುಜದ ಮೇಲೆ ಕೈ ಇಟ್ಟ. "ಹುಚ್ಚ ಏನ್ರಿ ನಿಮಗ. ನಾಳಿಂದ ನನ್ನ ಮಗ್ಗಲಕ್ಕ ನಿಂದರ್ರಿ. ಟವೆಲ್ ಕೆಳಗ ಕೈ ಇರಲಿ. ನಾ ಒಂದ ಬೆರಳ ಒತ್ತಿದ್ರ ಒಂದನೇದು, ಮೂರ ಒತ್ತಿದ್ರ ಮೂರನೇದು. ಬಾಯಿ ನಿಮ್ಮದಿರಲಿ, ಕಣ್ಣ ನಂದಿರಲಿ." ಬಾಗಿಲ ಕಡೆ ಕೈ ತೋರಿಸಿ, "ಇಲ್ಲಾ ಅಂದ್ರ ಹೊರಗ ಹೋಗಿ ಹೇಳ್ರಿ, ಇಷ್ಟ ದಿನಾ ಕುರುಡ ಇದ್ದೆ ಅಂತ. ಒಂದ ವರ್ಷ ಹತ್ತಿ ಕೊಟ್ಟಾವರು ಎಷ್ಟ ಮಂದಿ ಅದಾರ ನೆನಪೈತೇನ? ಸುಮ್ನ ಬಿಡ್ತಾರೇನ್ ಅವರು?" ಎಂದ. ಒಂದು ಗದರಿಕೆ ಇಲ್ಲ, ಒಂದು ಬೈಗುಳ ಇಲ್ಲ. ಚಹಾ ತರಿಸಿ ಕುಡಿಸಿಯೇ ಕಳಿಸಿದ.

ಮರುದಿನದಿಂದ ಹಾಗೇ ನಡೆಯಿತು. ದೊಡ್ಡ ಹೊಲದವರಿಗೆ ಸಿಗಬೇಕಾದದ್ದು ಸಿಕ್ಕಿತು. ಒಂದು ಚಕ್ಕಡಿ, ಎರಡು ಚಕ್ಕಡಿ ತರುವವರ ಹತ್ತಿಗೆ ಬಸವಣ್ಣೆಪ್ಪನ ಬೆರಳು ಎರಡಕ್ಕೋ ಮೂರಕ್ಕೋ ಇಳಿಯುತ್ತಿತ್ತು. ಒಳ್ಳೆಯ ಹತ್ತಿ ಕಡಿಮೆ ದರಕ್ಕೆ ಒಯ್ದ ಖರೀದಿದಾರ ಲಾಭದಲ್ಲಿ ಅವನಿಗೂ ಪಾಲು ಕೊಡುತ್ತಿದ್ದ. ಯಾಕೂಬಸಾಬನ ಬೆರಳಿಗೆ ಎಳೆ ತಿಳಿಯುತ್ತಲೇ ಇತ್ತು. ಸುಳ್ಳು ಹೇಳುವಾಗ ಅದು ಸುಳ್ಳೆಂದು ಪ್ರತಿ ಸಲವೂ ಅವನಿಗೆ ಗೊತ್ತಾಗುತ್ತಿತ್ತು.

ಗುಳಿಗೆ ಬಿಟ್ಟಿದ್ದರಿಂದ ಮಳೆಗಾಲ ಬರುವಷ್ಟರಲ್ಲಿ ಗೆಣ್ಣುಗಳು ಮತ್ತೆ ಬಾತವು. ಕಣ್ಣು ಹೋದ ಮೇಲೆ ಉಳಿದದ್ದು ಅವೇ ಬೆರಳು. ಅವೂ ಮುದುಡಿದರೆ ಟವೆಲ್ ಕೆಳಗಿನ ಒತ್ತೂ ತಿಳಿಯದು. ಒಂದು ದಿನ ಖತಿಜಾಬಿ ಕೋಟು ಒಗೆಯಲು ತೆಗೆದಾಗ ಜೇಬಿನಲ್ಲಿ ಗುಳಿಗೆಯ ಪಟ್ಟಿ ಸಿಕ್ಕಿತು. ನಾಲ್ಕು ಖಾಲಿಯಾಗಿದ್ದವು.

"ತಿಳದು ತಿಳದು ನುಂಗಾಕ ಹತ್ತೀರಲ್ಲರಿ!" ಎಂದಳು.

"ಕಣ್ಣಂತೂ ಹೋಗ್ಯಾವ. ಬೆರಳರೆ ಇರಲಿ."

"ಯಾವನ ಸಲುವಾಗಿ ಇರಬೇಕ್ರಿ ಆ ಬೆರಳು?"

ಖತಿಜಾಬಿಗೆ ಪೇಟೆಯ ವಿಷಯ ಯಾರೂ ಹೇಳಿರಲಿಲ್ಲ. ಆದರೂ ಆಕೆ ಕೇಳಿದ್ದು ಅದನ್ನೇ. ಯಾಕೂಬಸಾಬ ಆಕೆಯ ಕೈಯಿಂದ ಗುಳಿಗೆ ಕಸಿದುಕೊಂಡು ಇನ್ನೊಂದು ನುಂಗಿದ. ಆ ಕಹಿಗೆ ಅವನು ಬೆಲ್ಲ ಕೇಳುವುದನ್ನೂ ಬಿಟ್ಟಿದ್ದ.

ಎರಡು ಸಾವಿರದ ಮೂರರ ಜನವರಿಯಲ್ಲಿ ಪೇಟೆ ತುಂಬಿತ್ತು. ಬಸವಣ್ಣೆಪ್ಪನ ಮಗ್ಗುಲಲ್ಲಿ ಟವೆಲ್ ಕೆಳಗೆ ಕೈ ಇಟ್ಟು ಯಾಕೂಬಸಾಬ ನಿಂತಿದ್ದ. "ಸಾಬ್ರ, ಶರಣ್ರಿ" ಎಂಬ ದನಿ ಕೇಳಿತು. ಮುರಗೋಡದ ಶಟ್ಟೆವ್ವ. ಈ ಹೆಂಗಸು ಮತ್ತೆ ಯಾಕೆ ಬಂದಳು ಎಂದುಕೊಂಡ. ಬೈದರೆ ಬೈಯಲಿ, ಎಲ್ಲರೆದುರು ಬೈಯಲಿ ಎಂದು ಒಂದು ಕ್ಷಣ ಆಸೆಯನ್ನೂ ಪಟ್ಟ.

ಶಟ್ಟೆವ್ವ ಬೈಯಲಿಲ್ಲ. "ಹೋದ ವರ್ಷ ಮಂದ್ಯಾಗ ನಿಮಗ ಎದುರ ಮಾತಾಡಿದೆ, ಹೊಟ್ಟ್ಯಾಗ ಹಾಕ್ಕೊರ್ರಿ," ಎಂದಳು. "ಮನಿಗೆ ಹೋದ ಮ್ಯಾಲ ವಿಚಾರ ಮಾಡಿದೆ. ಸಾಬ್ರಿಗೆ ಕಾಣೂ ಕಲಿ ನನಗ ಕಾಣವಲ್ದು ಅಂದ್ರ ನನ್ನ ಕಣ್ಣ ಹೋಗ್ಯಾವ ಅಂತ ತಿಳೀತು. ಸವದತ್ತಿಗೆ ಹೋಗಿ ಚಸ್ಮಾ ಹಾಕಿಸ್ಕೊಂಡ ಬಂದೇನಿ ನೋಡ್ರಿ. ಈ ಸಲ ಒಂದೊಂದ ಕಾಯಿ ಚಸ್ಮಾದಾಗಿಂದ ನೋಡಿ ಬಿಡಿಸೇನ್ರಿ. ಒಂದ ಕಲಿ ಇಲ್ಲ. ನೀವ ನೋಡಿ ಹೇಳ್ರಿ ಸಾಕು."

ಅವನು ಅಂಡಗಿಯೊಳಗೆ ಮೊಳಕೈ ತನಕ ಕೈ ಹಾಕಿದ. ಎಳೆ ಬಿಡಿಸಿ ಜಗ್ಗಿದ. ರೇಷ್ಮೆಯಂಥ ಎಳೆ. ಆ ಸುಗ್ಗಿಯಲ್ಲಿ ಅಂಥದ್ದು ಅವನ ಬೆರಳಿಗೆ ಸಿಕ್ಕಿರಲಿಲ್ಲ. ಮುರಗೋಡದಲ್ಲಿ ಆ ವರ್ಷ ಹನಿ ಮಳೆಯೂ ಬಿದ್ದಿರಲಿಲ್ಲ. ಎಡತೋಳಿನ ಮೇಲೆ ಇಟ್ಟು, ಬಲಗೈ ಮತ್ತೆ ಟವೆಲ್ ಕೆಳಗೆ ತಂದು, ಮುಖ ಓರೆ ಮಾಡಿದ. ಈ ಒಂದು ಸಲವಾದರೂ ಬಸವಣ್ಣೆಪ್ಪ ಒಂದೇ ಬೆರಳು ಒತ್ತಲಿ ಎಂದು ಬೇಡಿಕೊಂಡ.

ಟವೆಲ್ ಕೆಳಗೆ ಮೂರು ಬೆರಳು ಒತ್ತಿದವು.

ಬಾಯಿ ಅವನದೇ ಇತ್ತು. ಒಂದನೇದು ಎಂದಿದ್ದರೆ ಯಾರೂ ತಡೆಯುತ್ತಿರಲಿಲ್ಲ, ಅಷ್ಟು ಜನರೆದುರು ಬಸವಣ್ಣೆಪ್ಪನಿಗೂ ಆಗುತ್ತಿರಲಿಲ್ಲ. ಆಮೇಲೆ ಬಸವಣ್ಣೆಪ್ಪ ಅವನ ಕಣ್ಣಿನ ವಿಷಯ ಎಲ್ಲರಿಗೂ ಹೇಳುತ್ತಿದ್ದ, ಕೋಟು ಹೋಗುತ್ತಿತ್ತು, ಅಷ್ಟೇ.

"ಮೂರನೇದು," ಎಂದ ಯಾಕೂಬಸಾಬ.

ಶಟ್ಟೆವ್ವನ ಮುಖ ನೋಡಬೇಕೆಂದು ನೇರ ನೋಡಿದ, ಅಲ್ಲಿ ಏನೂ ಇರಲಿಲ್ಲ. ಅವಳನ್ನು ಬಿಟ್ಟು ಆಚೆಯ ಚಕ್ಕಡಿಯತ್ತ ಮುಖ ತಿರುಗಿಸಿದ ಮೇಲೆ ಕಣ್ಣಂಚಿನಲ್ಲಿ ಕಂಡಳು. ಚಸ್ಮಾ ತೆಗೆದು, ಸೆರಗಿನ ತುದಿಯಿಂದ ಎರಡೂ ಗಾಜು ಒರೆಸಿ, ಮತ್ತೆ ಹಾಕಿಕೊಂಡು, ಕೈಯೊಳಗಿನ ಬಿಳಿ ಹತ್ತಿಯಲ್ಲಿ ಕಲೆ ಹುಡುಕುತ್ತಿದ್ದಳು.